ಪೆಚ್ಚುನಗೆ: ನಗಬಾರದ ಹೊತ್ತಿನಲ್ಲಿ ಬರುವ ನಗುವಿನ ಮೂಲ ಮತ್ತು ನಿರ್ವಹಣೆ

ಕೆಲವು ವರ್ಷಗಳ ಹಿಂದೆ ದೊಡ್ಡಪ್ಪ ತೀರಿಕೊಂಡ ಸುದ್ದಿ ಬಂದಾಗ ನಾನು ಬೆಳಗಿನ ಮೊದಲ ಬಸ್ಸು ಹಿಡಿದು ಊರಿಗೆ ಹೋದೆ. ಅಂಗಳದಲ್ಲಿ ಗಂಡಸರು ಗುಂಪಾಗಿ ನಿಂತಿದ್ದರು, ನಡುಮನೆಯಲ್ಲಿ ಹೆಂಗಸರು ಕುಳಿತಿದ್ದರು. ಹೊಸ್ತಿಲು ದಾಟಿದ ಕೂಡಲೇ ದೊಡ್ಡಮ್ಮ ನನ್ನ ಎರಡೂ ಕೈ ಹಿಡಿದುಕೊಂಡು, ‘ನೋಡು ಮಗಾ, ನಿಮ್ಮ ದೊಡ್ಡಪ್ಪ ಹೊರಟೇಹೋದ್ರು’ ಎಂದರು. ಆಗ ನನ್ನ ಬಾಯಿಂದ ಹೊರಟದ್ದು ಅಳುವಲ್ಲ, ನಗು. ಎರಡು ಮೂರು ಸೆಕೆಂಡಿನಷ್ಟೇ ಇದ್ದ, ಒಣಗಿದ, ತುಂಡುತುಂಡಾದ ನಗು. ಪಕ್ಕದಲ್ಲಿದ್ದವರು ತಲೆಯೆತ್ತಿ ನೋಡಿದರು. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೇರು ತೋರಿಸಿದ ಮನುಷ್ಯನ ಶವದ ಎದುರು ನಾನು ನಕ್ಕಿದ್ದೆ. ಆ ನಾಚಿಕೆ ನನ್ನನ್ನು ತಿಂಗಳುಗಟ್ಟಲೆ ಕಾಡಿತು, ಮತ್ತು ಅದೇ ನನ್ನನ್ನು ಈ ವಿಷಯದ ಓದಿಗೆ ಹಚ್ಚಿತು.

ಇಂಥ ನಗು ಬಹಳ ಮಂದಿಗೆ ಬರುತ್ತದೆ. ಮೇಷ್ಟ್ರು ಬೈಯುವಾಗ, ಸಂದರ್ಶನದಲ್ಲಿ ಉತ್ತರ ಹೊಳೆಯದೆ ಹೋದಾಗ, ಕೊಟ್ಟ ಸಾಲವನ್ನು ಹಿಂದಕ್ಕೆ ಕೇಳಬೇಕಾದಾಗ, ವೈದ್ಯರು ಪರೀಕ್ಷೆಯ ವರದಿ ಹಿಡಿದು ಗಂಭೀರವಾಗಿ ಮಾತು ಶುರುಮಾಡಿದಾಗ, ಇಬ್ಬರು ಹಿರಿಯರು ನಮ್ಮೆದುರೇ ಜಗಳಕ್ಕೆ ನಿಂತಾಗ ಅದು ತಾನಾಗಿಯೇ ತುಟಿಗೆ ಬಂದುಬಿಡುತ್ತದೆ. ನಾನು ಓದಿ ತಿಳಿದುಕೊಂಡದ್ದರಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸಿದ ಸಂಗತಿ ಒಂದೇ: ಈ ನಗು ಹಾಸ್ಯದ ಕುಲಕ್ಕೆ ಸೇರಿದ್ದಲ್ಲ, ಭಯದ ಕುಲಕ್ಕೆ ಸೇರಿದ್ದು. ಅದನ್ನು ಹತೋಟಿಗೆ ತರುವ ದಾರಿಯೂ, ಬೇರೆಯವರಲ್ಲಿ ಅದನ್ನು ಕಂಡಾಗ ಸರಿಯಾಗಿ ಅರ್ಥಮಾಡಿಕೊಳ್ಳುವ ದಾರಿಯೂ ಈ ತಿಳಿವಳಿಕೆಯಿಂದಲೇ ಹೊರಡುತ್ತವೆ.

ನಮ್ಮ ಭಾಷೆ ಇದನ್ನು ಬಹಳ ಹಿಂದೆಯೇ ಗುರುತಿಸಿದೆ. ನಸುನಗೆ, ಮುಗುಳುನಗೆ, ಕುಹಕದ ನಗೆ, ಹುಸಿನಗೆ ಎಂದು ಬಗೆಬಗೆಯಾಗಿ ವಿಂಗಡಿಸುವ ಕನ್ನಡದಲ್ಲಿ ಪೆಚ್ಚುನಗೆ ಎಂಬ ಪ್ರತ್ಯೇಕ ಪದವೇ ಇದೆ. ಪೆಚ್ಚಾದವನ ಮುಖದ ಮೇಲೆ ಬರುವ ನಗು ಅದು, ಸಂತೋಷಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ಪದವೇ ಹೇಳುತ್ತದೆ. ಭರತನ ನಾಟ್ಯಶಾಸ್ತ್ರ ಹಾಸ್ಯವನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಬಗೆಯಾಗಿ ವಿಂಗಡಿಸುವುದು ಅನೇಕರಿಗೆ ತಿಳಿದಿದೆ. ನಮ್ಮ ವಿಷಯಕ್ಕೆ ಅದಕ್ಕಿಂತ ಹತ್ತಿರವಾದದ್ದು ಅದೇ ಗ್ರಂಥದ ಮೂವತ್ತಮೂರು ವ್ಯಭಿಚಾರಿ ಭಾವಗಳಲ್ಲಿ, ಅಂದರೆ ಬಂದುಹೋಗುವ ಕ್ಷಣಿಕ ಭಾವಗಳಲ್ಲಿ, ಒಂದಾದ ಅವಹಿತ್ಥ. ಲಜ್ಜೆ, ಭಯ, ಸೋಲು ಮುಂತಾದವುಗಳಿಂದ ಹುಟ್ಟಿ, ಒಳಗಿನ ಭಾವ ಹೊರಗೆ ಕಾಣದಂತೆ ಮುಖ ಮುಚ್ಚಿಕೊಳ್ಳುವ ಸ್ಥಿತಿ ಅದು. ಪೆಚ್ಚುನಗೆಯನ್ನು ನಾವು ಬಯಸಿ ತಂದುಕೊಳ್ಳುವುದಿಲ್ಲ ಎಂಬುದನ್ನು ಬಿಟ್ಟರೆ, ಅದು ಮಾಡುವ ಕೆಲಸ ಬಹುಮಟ್ಟಿಗೆ ಇದೇ.

ಹಾಸ್ಯವಿಲ್ಲದ ನಗು ಅಪರೂಪವೂ ಅಲ್ಲ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿದ್ದ ನರವಿಜ್ಞಾನಿ ರಾಬರ್ಟ್ ಪ್ರೊವೈನ್ ಅವರು ಪ್ರಯೋಗಾಲಯ ಬಿಟ್ಟು ಅಂಗಡಿ ಬೀದಿಗಳಲ್ಲಿ, ವಿಶ್ವವಿದ್ಯಾಲಯದ ಆವರಣಗಳಲ್ಲಿ ಜನರ ಸಹಜ ಮಾತುಕತೆಯನ್ನು ಗಮನಿಸಿ, ಸುಮಾರು 1200 ನಗುವಿನ ಪ್ರಸಂಗಗಳನ್ನು ದಾಖಲಿಸಿದರು. ಅವುಗಳಲ್ಲಿ ನಿಜವಾದ ತಮಾಷೆಯ ಮಾತಿನ ಹಿಂದೆ ಬಂದ ನಗು ಶೇಕಡಾ 10ರಿಂದ 20ರಷ್ಟು ಮಾತ್ರ. ಉಳಿದವೆಲ್ಲ ‘ಸರಿ, ಆಮೇಲೆ ಸಿಗೋಣ’ ಎಂಬಂಥ ಸಪ್ಪೆ ಮಾತುಗಳ ಬೆನ್ನಿಗೆ ಬಂದವು. ಒಬ್ಬರೇ ಇರುವಾಗ ನಗುವುದಕ್ಕಿಂತ ಇತರರ ಜೊತೆಯಲ್ಲಿರುವಾಗ ನಗುವ ಸಂಭವ ಸುಮಾರು 30 ಪಟ್ಟು ಹೆಚ್ಚೆಂದೂ ಅವರು ಕಂಡುಕೊಂಡರು. ಅಂದರೆ ನಗು ಮೊದಲನೆಯದಾಗಿ ಮನುಷ್ಯರ ನಡುವಿನ ಸಂಬಂಧದ ಸನ್ನೆ. ಹಾಸ್ಯ ಅದರ ಹಲವು ಕಾರಣಗಳಲ್ಲಿ ಒಂದು ಮಾತ್ರ.

ಆ ಸನ್ನೆ ಸಂಕಟದಲ್ಲಿಯೂ ಹೊರಡುತ್ತದೆಂಬುದಕ್ಕೆ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಅವರ ಪ್ರಯೋಗಕ್ಕಿಂತ ಬಲವಾದ ಸಾಕ್ಷ್ಯವನ್ನು ನಾನು ಕಂಡಿಲ್ಲ. 1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಶುರುವಾಗಿ 1963ರಲ್ಲಿ ವರದಿಯಾದ ಆ ಪ್ರಯೋಗದಲ್ಲಿ 40 ಮಂದಿ ಗಂಡಸರಿಗೆ ‘ಶಿಕ್ಷಕ’ನ ಪಾತ್ರ ಕೊಡಲಾಗಿತ್ತು. ಪಕ್ಕದ ಕೋಣೆಯಲ್ಲಿರುವ ‘ವಿದ್ಯಾರ್ಥಿ’ ತಪ್ಪು ಉತ್ತರ ಹೇಳಿದಾಗಲೆಲ್ಲ ಒಂದು ಗುಂಡಿ ಒತ್ತಿ ಅವನಿಗೆ ವಿದ್ಯುತ್ ಆಘಾತ ಕೊಡಬೇಕೆಂದು, ಪ್ರತಿ ತಪ್ಪಿಗೂ ಆಘಾತವನ್ನು ಏರಿಸುತ್ತ ಹೋಗಬೇಕೆಂದು ಅವರಿಗೆ ಆಜ್ಞೆ. ಯಂತ್ರದ ಮೇಲೆ 15 ವೋಲ್ಟಿನಿಂದ 450 ವೋಲ್ಟಿನವರೆಗೆ ಗುರುತುಗಳಿದ್ದವು. ಆಘಾತ ನಿಜವಾಗಿರಲಿಲ್ಲ, ಆದರೆ ಗುಂಡಿ ಒತ್ತುವವರಿಗೆ ಅದು ತಿಳಿದಿರಲಿಲ್ಲ. 40ರಲ್ಲಿ 26 ಮಂದಿ ಕೊನೆಯ ಗುರುತಿನವರೆಗೂ ಹೋದರೆಂಬ ಸಂಗತಿಯೇ ಜಗತ್ತಿನಲ್ಲಿ ಪ್ರಸಿದ್ಧವಾಯಿತು. ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತಿದೆ. ಬೆವರುತ್ತ, ತೊದಲುತ್ತ, ತುಟಿ ಕಚ್ಚಿಕೊಳ್ಳುತ್ತ ಕುಳಿತಿದ್ದ ಈ 40 ಮಂದಿಯಲ್ಲಿ 14 ಮಂದಿ ಸ್ಪಷ್ಟವಾಗಿ ಗಾಬರಿಯ ನಗು ನಕ್ಕರು. ಮೂವರಿಗೆ ಆ ನಗು ತಡೆಯಲಾಗದ ಸೆಳೆತದಂತೆ ಮೈಯನ್ನೇ ಅಲುಗಿಸಿತು. ಅವರಲ್ಲಿ ಒಬ್ಬನ ಸ್ಥಿತಿ ಎಷ್ಟು ತೀವ್ರವಾಯಿತೆಂದರೆ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಆಮೇಲಿನ ಮಾತುಕತೆಯಲ್ಲಿ ಅವರು, ತಾವು ಕ್ರೂರಿಗಳಲ್ಲ, ಆ ನಗು ಇನ್ನೊಬ್ಬರ ನೋವಿನಿಂದ ಬಂದ ಸಂತೋಷವಲ್ಲ ಎಂದು ಕಷ್ಟಪಟ್ಟು ವಿವರಿಸಿದರು. ಸಾವಿನ ಮನೆಯಲ್ಲಿ ನಕ್ಕ ಯಾರಿಗಾದರೂ ಆ ವಿವರಣೆಯ ಹಿಂದಿನ ಒದ್ದಾಟ ತಕ್ಷಣ ಅರ್ಥವಾಗುತ್ತದೆ.

ಹೀಗೇಕೆ ಆಗುತ್ತದೆಂಬ ಪ್ರಶ್ನೆಗೆ ಹಲವು ಉತ್ತರಗಳಿವೆ. 1860ರಲ್ಲಿ ಇಂಗ್ಲೆಂಡಿನ ಚಿಂತಕ ಹರ್ಬರ್ಟ್ ಸ್ಪೆನ್ಸರ್, ನರಗಳಲ್ಲಿ ತುಂಬಿಕೊಂಡ ಒತ್ತಡಕ್ಕೆ ಹರಿಯಲು ಬೇರೆ ದಾರಿ ಸಿಗದಾಗ ಅದು ನಗುವಾಗಿ ಹೊರಬೀಳುತ್ತದೆ ಎಂದು ವಿವರಿಸಿದ. ಶರೀರಶಾಸ್ತ್ರದ ಆ ಭಾಷೆ ಈಗ ಹಳತಾಗಿದೆ, ಆದರೆ ಕಟ್ಟೆಯೊಡೆದು ನೀರು ನುಗ್ಗಿದ ಅನುಭವವನ್ನು ಅದು ಚೆನ್ನಾಗಿಯೇ ಹಿಡಿಯುತ್ತದೆ. ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಅವರ ಪ್ರಕಾರ ನಗುವಿನ ಮೂಲ ಕೆಲಸ ‘ಹೆದರಬೇಡಿ, ಅಪಾಯವೇನಿಲ್ಲ’ ಎಂದು ಗುಂಪಿಗೆ ಸಾರುವುದು. ಗಾಬರಿಯಲ್ಲಿ ನಗುವವನು ಆ ಸಂದೇಶವನ್ನು ತನಗೆ ತಾನೇ ಹೇಳಿಕೊಳ್ಳುತ್ತಿರುತ್ತಾನೆ. ಮಿದುಳಿಗೆ ಪೆಟ್ಟಾಗಿ, ನೋವಿನ ಅರಿವಿದ್ದರೂ ಅದರ ಸಂಕಟ ತಟ್ಟದೆ ಹೋದ ರೋಗಿಗಳು ಸೂಜಿ ಚುಚ್ಚಿದಾಗ ನಗುವುದನ್ನು ಅವರು ಈ ವಾದಕ್ಕೆ ಆಧಾರವಾಗಿ ಕೊಡುತ್ತಾರೆ. ಯೇಲ್‌ನಲ್ಲಿ ಓರಿಯಾನಾ ಅರಗಾನ್ ಮತ್ತು ಸಹೋದ್ಯೋಗಿಗಳು 2015ರಲ್ಲಿ ಪ್ರಕಟಿಸಿದ ಕೆಲಸ ಇನ್ನೊಂದು ಕಡೆಯಿಂದ ಇದೇ ಜಾಗಕ್ಕೆ ಬರುತ್ತದೆ. ಅತಿಯಾದ ಸಂತೋಷದಲ್ಲಿ ಕಣ್ಣೀರು ಬರುವಂತೆ, ಮುದ್ದಾದ ಮಗುವನ್ನು ಕಂಡಾಗ ಕೆನ್ನೆ ಹಿಂಡಬೇಕೆನಿಸುವಂತೆ, ಭಾವನೆ ಅಳತೆ ಮೀರಿದಾಗ ಅದಕ್ಕೆ ವಿರುದ್ಧವಾದ ಅಭಿವ್ಯಕ್ತಿ ಹೊರಬರುತ್ತದೆ, ಮತ್ತು ಮನಸ್ಸು ಸಮತೋಲಕ್ಕೆ ಮರಳಲು ಅದು ನೆರವಾಗುತ್ತಿರಬಹುದು ಎಂಬುದು ಅವರ ವಿಚಾರ.

ನನ್ನನ್ನು ಹೆಚ್ಚು ಒಪ್ಪಿಸಿದ್ದು ಡಚ್ ಪ್ರಾಣಿವರ್ತನೆ ತಜ್ಞ ಯಾನ್ ವಾನ್ ಹೂಫ್ ಅವರು 1972ರಲ್ಲಿ ಮಂಡಿಸಿದ ವಾದ. ಮನುಷ್ಯನ ಗಟ್ಟಿಯಾದ ನಗುವಿಗೂ ಮುಗುಳುನಗೆಗೂ ವಾನರಗಳಲ್ಲಿ ಬೇರೆ ಬೇರೆ ಬೇರುಗಳಿವೆ ಎಂದು ಅವರು ತೋರಿಸಿದರು. ಆಟದಲ್ಲಿ ಬಾಯಿ ಸಡಿಲವಾಗಿ ತೆರೆದುಕೊಳ್ಳುವ ಮುಖ ಒಂದು. ಬಲಶಾಲಿಯ ಎದುರು ಸದ್ದಿಲ್ಲದೆ ತುಟಿ ಹಿಂದಕ್ಕೆಳೆದು ಹಲ್ಲು ತೋರಿಸುವ ಮುಖ ಇನ್ನೊಂದು. ಎರಡನೆಯದರ ಅರ್ಥ ‘ನಿನ್ನೊಡನೆ ಕಾದಾಟಕ್ಕೆ ಬಂದಿಲ್ಲ, ನನ್ನನ್ನು ಬಿಟ್ಟುಬಿಡು’ ಎಂದು. ದೇವಸ್ಥಾನದ ಮೆಟ್ಟಿಲುಗಳಲ್ಲಿ ದೊಡ್ಡ ಗಂಡುಮಂಗ ಹತ್ತಿರ ಬಂದಾಗ ಚಿಕ್ಕದು ಹಲ್ಲು ತೋರಿಸುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡದಲ್ಲಿ ದೈನ್ಯದಿಂದ ಬೇಡಿಕೊಳ್ಳುವುದಕ್ಕೆ ‘ಹಲ್ಲು ಗಿಂಜುವುದು’ ಎನ್ನುತ್ತೇವೆ. ಆ ಮಾತಿನಲ್ಲಿ ತಿರಸ್ಕಾರ ಸೇರಿಕೊಂಡಿರುವುದು ನನಗೆ ಬೇಸರದ ಸಂಗತಿ, ಆದರೆ ಗಮನಿಕೆ ಮಾತ್ರ ಸರಿಯಾಗಿದೆ. ಮೇಲಿನವರೆದುರು ತೆರೆದುಕೊಳ್ಳುವ ಹಲ್ಲು ಶರಣಾಗತಿಯ ಗುರುತು, ತಮಾಷೆಯ ಗುರುತಲ್ಲ.

ಈ ವಿವರಣೆಗಳಲ್ಲಿ ಯಾವುದೊಂದೂ ಕೊನೆಯ ಮಾತಲ್ಲ. ಆದರೂ ಪೆಚ್ಚುನಗೆಯನ್ನು ಅಗೌರವದ ಗುರುತೆಂದು ಇವುಗಳಲ್ಲಿ ಯಾವುದೂ ಹೇಳುವುದಿಲ್ಲ.

ಇನ್ನು ನಗು ಮೈಯಲ್ಲಿ ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಹತೋಟಿಯ ಕೀಲಿ ಅಲ್ಲಿದೆ. ನಗು ಎಂದರೆ ತುಂಡರಿಸಿದ ಉಸಿರು. ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಮತ್ತು ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಹೊರಹೋಗುವ ಉಸಿರನ್ನು ಸಣ್ಣ ಸಣ್ಣ ಹೊಡೆತಗಳಾಗಿ ಕತ್ತರಿಸುತ್ತವೆ. ಪ್ರೊವೈನ್ ಅಳೆದಂತೆ ಒಂದೊಂದು ‘ಹ’ಕಾರವೂ ಸೆಕೆಂಡಿನ ಸಾವಿರದಲ್ಲಿ ಸುಮಾರು 75 ಭಾಗದಷ್ಟು ಕಾಲ ಇದ್ದು, ಸುಮಾರು 210 ಭಾಗಕ್ಕೊಮ್ಮೆ ಮರುಕಳಿಸುತ್ತದೆ. ಇದೆಲ್ಲ ನಡೆಯುವುದು ಉಸಿರು ಹೊರಗೆ ಹೋಗುವಾಗ. ಬಾಯಿ ಮುಚ್ಚಿ ಮೂಗಿನಿಂದ ನಿಧಾನವಾಗಿ ಉಸಿರೆಳೆದುಕೊಳ್ಳುತ್ತಿರುವಾಗ ಇಂಥ ನಗು ನಗುವುದು ಬಹಳ ಕಷ್ಟ. ಬೇಕಾದರೆ ಈಗಲೇ ಪ್ರಯತ್ನಿಸಿ ನೋಡಬಹುದು.

ಎರಡನೆಯ ಸಂಗತಿ, ನಗುವಿಗೆ ಮಿದುಳಿನಲ್ಲಿ ಎರಡು ದಾರಿಗಳಿವೆ. ಫೋಟೋ ತೆಗೆಯುವವರು ಕೇಳಿದಾಗ ತಂದುಕೊಳ್ಳುವ ನಗು ಮಿದುಳಿನ ಹೊರಪದರದ ಚಲನೆಯ ಭಾಗದಿಂದ ಹೊರಡುತ್ತದೆ. ತಾನಾಗಿ ಬರುವ ನಗು ಅಮಿಗ್ಡಲಾ, ಹೈಪೊಥಲಮಸ್‌ಗಳಂಥ ಆಳದ ಭಾಗಗಳಿಂದ ಮಿದುಳಕಾಂಡಕ್ಕೆ ಇಳಿಯುತ್ತದೆ. ಭಯವನ್ನು ಗುರುತಿಸುವ ಕೆಲಸದಲ್ಲಿ ಮುಖ್ಯ ಪಾತ್ರವಿರುವುದೂ ಇದೇ ಅಮಿಗ್ಡಲಾಕ್ಕೆ. ‘ನಗಬೇಡ’ ಎಂದು ನಮಗೆ ನಾವೇ ಆಜ್ಞೆ ಕೊಟ್ಟುಕೊಳ್ಳುವಾಗ ಆ ಆಜ್ಞೆ ಮೇಲಿನ ದಾರಿಯಿಂದ ಹೊರಡುತ್ತದೆ, ನಗು ಕೆಳಗಿನ ದಾರಿಯಿಂದ ಬರುತ್ತಿರುತ್ತದೆ. ಅದಕ್ಕಾಗಿಯೇ ಆಜ್ಞೆ ಅಷ್ಟು ಸುಲಭವಾಗಿ ನಡೆಯುವುದಿಲ್ಲ.

ಈ ದಾರಿಗಳ ಮೇಲಿನ ಹಿಡಿತ ಕಾಯಿಲೆಯಿಂದ ತಪ್ಪುವುದೂ ಉಂಟು. ಪಾರ್ಶ್ವವಾಯು, ಮೋಟಾರ್ ನ್ಯೂರಾನ್ ಕಾಯಿಲೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಅಥವಾ ತಲೆಗೆ ಬಿದ್ದ ಪೆಟ್ಟಿನ ನಂತರ ಕೆಲವರಿಗೆ ಒಳಗಿನ ಭಾವನೆಗೆ ಸಂಬಂಧವೇ ಇಲ್ಲದಂತೆ ನಗು ಅಥವಾ ಅಳು ಉಕ್ಕಿಬರುತ್ತದೆ. ಹೈಪೊಥಲಮಸ್‌ನಲ್ಲಿರುವ ಗಂಟಿನಿಂದ ನಗುವಿನ ರೂಪದಲ್ಲೇ ಕಾಣಿಸಿಕೊಳ್ಳುವ, ಮಕ್ಕಳಲ್ಲಿ ಶುರುವಾಗುವ ಒಂದು ಅಪರೂಪದ ಅಪಸ್ಮಾರವೂ ಇದೆ. ಹೊಸದಾಗಿ ಶುರುವಾದ, ಕಾರಣವಿಲ್ಲದೆ ಮತ್ತೆ ಮತ್ತೆ ಬರುವ, ಗಾಬರಿಯ ಸಂದರ್ಭಕ್ಕೂ ಹೊಂದದ ನಗು ಇದ್ದರೆ ನರರೋಗ ತಜ್ಞರನ್ನು ಕಾಣಬೇಕು. ಇವುಗಳಿಗೆ ಚಿಕಿತ್ಸೆ ಇದೆ. ಹಾಗಲ್ಲದೆ, ಜನ ತನ್ನನ್ನು ಗಮನಿಸಿ ತಪ್ಪು ಹುಡುಕುತ್ತಾರೆಂಬ ಅಂಜಿಕೆ ಆರು ತಿಂಗಳಿಗೂ ಮೀರಿ ಬಿಡದೆ ಕಾಡುತ್ತ, ಆ ಕಾರಣಕ್ಕೆ ಮದುವೆ ಮುಂಜಿ, ಸಭೆ, ಸಂದರ್ಶನಗಳನ್ನೇ ತಪ್ಪಿಸಿಕೊಳ್ಳುವಂತಾಗಿದ್ದರೆ ಅದು ಸಾಮಾಜಿಕ ಆತಂಕದ ಕಾಯಿಲೆ ಇರಬಹುದು, ಮತ್ತು ಆಪ್ತಸಮಾಲೋಚನೆಯಿಂದ ಅದು ಬಹಳಷ್ಟು ಕಡಿಮೆಯಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಪ್ರಮುಖ ಪಾತ್ರ ವಹಿಸಿರುವ, 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಕಾಯಿಲೆಯಿಲ್ಲದ ಸಾಮಾನ್ಯ ಪೆಚ್ಚುನಗೆಗೆ ಬರೋಣ. ನಮ್ಮಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ಹಲ್ಲು ಬಿಗಿಹಿಡಿದು ಅದನ್ನು ಅದುಮುವುದು. ಇದು ಏಕೆ ತಿರುಗಿಬೀಳುತ್ತದೆಂಬುದಕ್ಕೆ ಎರಡು ಕಾರಣಗಳಿವೆ. ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಿಳಿ ಕರಡಿಯ ಬಗ್ಗೆ ಐದು ನಿಮಿಷ ಯೋಚಿಸಬಾರದೆಂದು ಹೇಳಿಸಿಕೊಂಡವರಿಗೆ ಆ ಕರಡಿ ಮತ್ತೆ ಮತ್ತೆ ನೆನಪಾಯಿತು. ತಡೆಯನ್ನು ತೆಗೆದ ಮೇಲಂತೂ, ಮೊದಲಿನಿಂದಲೂ ಯೋಚಿಸಲು ಬಿಟ್ಟವರಿಗಿಂತ ಹೆಚ್ಚಾಗಿ ಬಂದಿತು. ಬೇಡವೆಂದದ್ದು ಬರುತ್ತಿದೆಯೇ ಎಂದು ಕಾವಲು ಕೂತ ಮನಸ್ಸು ಅದನ್ನೇ ನೋಡುತ್ತಿರುತ್ತದೆ. ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್‌ಸನ್ 1997ರಲ್ಲಿ ತೋರಿಸಿದ್ದು ಮೈಗೆ ಸಂಬಂಧಿಸಿದ್ದು: ಭಾವನೆ ಮುಖದಲ್ಲಿ ಕಾಣದಂತೆ ಅದುಮಿದವರಿಗೆ ಒಳಗಿನ ದುಃಖವೇನೂ ಕಡಿಮೆಯಾಗಲಿಲ್ಲ, ಆದರೆ ದೇಹದ ಉದ್ವೇಗ ಹೆಚ್ಚಾಯಿತು. ಉದ್ವೇಗದಿಂದಲೇ ಹುಟ್ಟಿದ ನಗುವಿಗೆ ಇದು ಒಲೆಗೆ ಸೌದೆ ತುರುಕಿದಂತೆ.

ಕ್ರಿಕೆಟ್ ಬಲ್ಲವರಿಗೆ 1991ರ ಓವಲ್ ಟೆಸ್ಟಿನ ರೇಡಿಯೋ ವೀಕ್ಷಕ ವಿವರಣೆ ನೆನಪಿರಬಹುದು. ವೆಸ್ಟ್ ಇಂಡೀಸ್ ವಿರುದ್ಧ ಇಯಾನ್ ಬೋಥಮ್ ಹಿಟ್ ವಿಕೆಟ್ ಆದ ರೀತಿಯನ್ನು ಬಿಬಿಸಿಯ ಜೊನಾಥನ್ ಆಗ್ನ್ಯೂ ಎರಡರ್ಥ ಬರುವಂತೆ ಬಣ್ಣಿಸಿದರು. ಪಕ್ಕದಲ್ಲಿದ್ದ ಹಿರಿಯ ವಿವರಣೆಕಾರ ಬ್ರಯಾನ್ ಜಾನ್‌ಸ್ಟನ್ ಮಾತು ಮುಂದುವರಿಸಲು ಹೆಣಗಿದಷ್ಟೂ ನಗು ಉಕ್ಕಿ, ಕೊನೆಗೆ ಅವರ ಧ್ವನಿ ಕೀರಲಾಗಿ ಮಾತೇ ಹೊರಡದಂತಾಯಿತು. ಅದು ತಮಾಷೆಯಿಂದ ಹುಟ್ಟಿದ ನಗು, ನಿಜ. ಆದರೆ ನಗಬಾರದ ಜಾಗ, ನಿಲ್ಲಿಸಲೇಬೇಕೆಂಬ ಒತ್ತಡ, ಪಕ್ಕದಲ್ಲಿ ನಗುವನ್ನು ಅದುಮುತ್ತಿರುವ ಇನ್ನೊಬ್ಬ, ಈ ಮೂರೂ ಸೇರಿದರೆ ದಶಕಗಳ ಅನುಭವವೂ ಕೈಬಿಡುತ್ತದೆಂಬುದಕ್ಕೆ ಅದು ಒಳ್ಳೆಯ ಉದಾಹರಣೆ. ಆದ್ದರಿಂದ ಇಂಥ ಹೊತ್ತಿನಲ್ಲಿ ಜೊತೆಗೆ ನಗುತ್ತಿರುವವರ ಕಣ್ಣು ತಪ್ಪಿಸುವುದು ಸಣ್ಣ ಉಪಾಯವಲ್ಲ. ಮರಣದ ಮನೆಯಲ್ಲಿ ಅಥವಾ ಮೌನಾಚರಣೆಯಲ್ಲಿ, ಯಾರನ್ನು ನೋಡಿದರೆ ನಗು ಬರುತ್ತದೆಂದು ನಮಗೆ ಗೊತ್ತೋ ಅವರ ಎದುರಿಗೆ ಕೂರದಿರುವುದು ಒಳ್ಳೆಯದು.

ನಗು ಏರಿಬರುತ್ತಿದೆ ಎಂದು ಗೊತ್ತಾದ ಕ್ಷಣದಲ್ಲಿ ಮಾಡಬೇಕಾದದ್ದು ಉಸಿರಿನ ಕೆಲಸ. ತುಟಿಗಳನ್ನು ಮೆಲ್ಲಗೆ ಮುಚ್ಚಿ, ಮೂಗಿನಿಂದ ಆರಾಮಾಗಿ ಉಸಿರು ತೆಗೆದುಕೊಂಡು, ಅದಕ್ಕಿಂತ ದೀರ್ಘವಾಗಿ, ಎಳೆ ಕಡಿಯದಂತೆ ಬಿಡಬೇಕು. ಒಳಗೆಳೆಯುವ ಉಸಿರು ನಗುವಿನ ಸರಪಳಿಯನ್ನು ತುಂಡರಿಸುತ್ತದೆ. ನೀಳವಾಗಿ ಹೊರಬಿಡುವ ಉಸಿರು ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರದ ಮೂಲಕ ಹೃದಯದ ಬಡಿತವನ್ನು ತಗ್ಗಿಸುತ್ತದೆ. ದವಡೆಯನ್ನು ಸಡಿಲ ಬಿಡಬೇಕು, ಭುಜ ಇಳಿಸಬೇಕು, ಅಂಗಾಲು ನೆಲಕ್ಕೆ ಒತ್ತಿರುವುದನ್ನು ಗಮನಿಸಬೇಕು. ನಾಲಿಗೆ ಕಚ್ಚಿಕೊಳ್ಳುವುದು, ಅಂಗೈಗೆ ಉಗುರು ಒತ್ತುವುದು ಅನೇಕರ ರೂಢಿ. ಗಮನ ಬೇರೆಡೆಗೆ ಹೊರಳುವುದರಿಂದ ಅದೂ ಒಂದೆರಡು ಕ್ಷಣಕ್ಕೆ ನಡೆಯುತ್ತದೆ, ಆದರೆ ಮೈ ಬಿಗಿಯಾಗುವ ಕಾರಣ ನಾನು ಅದನ್ನು ಕೊನೆಯ ಉಪಾಯವಾಗಿ ಮಾತ್ರ ಇಟ್ಟುಕೊಳ್ಳುತ್ತೇನೆ. ಉಸಿರಿನ ಜೊತೆಗೆ ಮನಸ್ಸಿನಲ್ಲಿ ಒಂದು ಸರಳ ವಾಕ್ಯ ಹೇಳಿಕೊಳ್ಳಬೇಕು: ‘ನನಗೆ ಈಗ ಭಯವಾಗಿದೆ’ ಅಥವಾ ‘ನನಗೆ ದುಃಖವಾಗಿದೆ’. ಭಾವನೆಗೆ ಹೆಸರಿಟ್ಟಾಗ ಅಮಿಗ್ಡಲಾದ ಪ್ರತಿಕ್ರಿಯೆ ತಗ್ಗುವುದನ್ನು ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಹೋದ್ಯೋಗಿಗಳು 2007ರಲ್ಲಿ ಮಿದುಳಿನ ಚಿತ್ರಣದ ಮೂಲಕ ತೋರಿಸಿದ್ದಾರೆ. ‘ನಗಬಾರದು’ ಎಂಬ ಮಾತು ನಗುವಿನ ಕಡೆಗೆ ಎಳೆಯುತ್ತದೆ; ‘ಭಯವಾಗಿದೆ’ ಎಂಬ ಮಾತು ಅದರ ಬೇರಿನ ಕಡೆಗೆ ಒಯ್ಯುತ್ತದೆ.

ಇನ್ನೊಂದು ಬಗೆಯ ಪೆಚ್ಚುನಗೆ ಇದೆ, ಅದು ಹೆಚ್ಚು ಸಾಮಾನ್ಯ ಮತ್ತು ಹೆಚ್ಚು ಕಡೆಗಣಿಸಲ್ಪಟ್ಟದ್ದು. ಉಕ್ಕುವ ನಗುವಲ್ಲ, ವಾಕ್ಯದ ಬಾಲಕ್ಕೆ ಅಂಟಿಕೊಳ್ಳುವ ಸಣ್ಣ ನಗು. ‘ಸರ್, ಸಂಬಳ ಸ್ವಲ್ಪ ಜಾಸ್ತಿ ಮಾಡಬಹುದಾ ಅಂತ, ಹೆಹೆ.’ ‘ಆಂಟೀ, ಅಡ್ವಾನ್ಸ್ ದುಡ್ಡು ವಾಪಸ್ ಕೊಡ್ತೀರಾ, ಹೆಹೆ.’ ಮಾತನಾಡುವವರ ನಗು ವಾಕ್ಯದ ನಡುವೆ ಬರುವುದು ತೀರ ಕಡಿಮೆ, ಪೂರ್ಣವಿರಾಮದಂತೆ ವಾಕ್ಯದ ಕೊನೆಯಲ್ಲಿ ಬರುತ್ತದೆ ಎಂದು ಪ್ರೊವೈನ್ ಗಮನಿಸಿದ್ದರು. ಕೇಳುವುದನ್ನು ಕೇಳಿಯೂ ಕೇಳದಂತೆ ಮಾಡುವುದು ಈ ನಗುವಿನ ಕೆಲಸ. ಎದುರಿನವರು ಇಲ್ಲವೆಂದರೆ ‘ಸುಮ್ಮನೆ ಕೇಳಿದೆ’ ಎಂದು ಜಾರಿಕೊಳ್ಳಲು ದಾರಿ ಇಟ್ಟುಕೊಳ್ಳುತ್ತದೆ. ಅದು ಬರುವ ಜಾಗ ಗೊತ್ತಿರುವುದರಿಂದ ಇದನ್ನು ಬಿಡಿಸಿಕೊಳ್ಳುವುದು ಅಷ್ಟು ಕಷ್ಟವಲ್ಲ. ಹೇಳಬೇಕಾದ ಮಾತನ್ನು ಮೊದಲೇ ಚಿಕ್ಕದಾಗಿ ಕಟ್ಟಿಕೊಂಡು, ಕೊನೆಯ ಪದ ಮುಗಿದ ಕೂಡಲೇ ತುಟಿ ಮುಚ್ಚಿ ಮೂಗಿನಿಂದ ಉಸಿರೆಳೆದುಕೊಳ್ಳಬೇಕು. ನಂತರ ಬರುವ ಮೌನವನ್ನು ತುಂಬಲು ಹೋಗಬಾರದು, ಅದು ಎದುರಿನವರ ಸರದಿ. ಫೋನಿನಲ್ಲಿ ನಮ್ಮ ಧ್ವನಿಯನ್ನು ಧ್ವನಿಮುದ್ರಿಸಿಕೊಂಡು ಕೇಳಿದರೆ ಎಷ್ಟು ಕಡೆ ನಗು ಅಂಟಿಕೊಂಡಿದೆ ಎಂದು ತಿಳಿಯುತ್ತದೆ. ನನ್ನ ಧ್ವನಿಯನ್ನು ಮೊದಲ ಸಲ ಹಾಗೆ ಕೇಳಿಸಿಕೊಂಡಾಗ ನನಗೆ ದಂಗುಬಡಿದಿತ್ತು. ಪರಿಚಿತ ಅಂಗಡಿಯವರೊಡನೆ, ಸಹೋದ್ಯೋಗಿಯೊಡನೆ ಸಣ್ಣ ಕೋರಿಕೆಗಳಿಂದ ಅಭ್ಯಾಸ ಶುರುಮಾಡಿ, ಹೆಚ್ಚು ಅಂಜಿಕೆ ಹುಟ್ಟಿಸುವವರ ಕಡೆಗೆ ನಿಧಾನವಾಗಿ ಹೋಗಬೇಕು.

ಸಾವಿನ ಮನೆಯ ನಗುವಿಗೆ ಮರಳಿದರೆ, ಅದರ ದೊಡ್ಡ ಪಾಲು ಮಾತು ತೋಚದಿರುವುದರಿಂದ ಹುಟ್ಟುತ್ತದೆ ಎಂದು ನನಗನ್ನಿಸುತ್ತದೆ. ಏನೋ ಹೇಳಲೇಬೇಕು, ಹೇಳಲು ಏನೂ ಇಲ್ಲ. ಆ ತೆರಪಿನಲ್ಲಿ ನಗು ನುಗ್ಗುತ್ತದೆ. ನಮ್ಮ ಹಿರಿಯರ ಪದ್ಧತಿ ಇಲ್ಲಿ ದೊಡ್ಡ ಆಸರೆ. ಸಾವಿನ ಮನೆಯಲ್ಲಿ ಮಾತನಾಡಬೇಕೆಂಬ ಕಟ್ಟುಪಾಡಿಲ್ಲ. ಹೋಗಿ ಸುಮ್ಮನೆ ಕೂತರೆ ಸಾಕು. ಹೊರಡುವಾಗ ‘ಬರ್ತೀನಿ’ ಎನ್ನುವಂತೆಯೂ ಇಲ್ಲ, ಎದ್ದು ಹೊರಟರಾಯಿತು. ಆ ಮೌನದ ಅನುಮತಿಯನ್ನು ಪೂರ್ತಿಯಾಗಿ ಬಳಸಿಕೊಳ್ಳಬೇಕು. ಕೈ ಹಿಡಿದುಕೊಂಡರೆ ಕೈ ಹಿಡಿಯುವುದು, ತಲೆ ತಗ್ಗಿಸಿ ಪಕ್ಕದಲ್ಲಿ ಕೂರುವುದು, ನೀರು ತಂದುಕೊಡುವುದು, ಬಂದವರಿಗೆ ಕುರ್ಚಿ ಹಾಕುವುದು ಇವೆಲ್ಲ ಮಾತಿಗಿಂತ ಹೆಚ್ಚಿನವು, ಮತ್ತು ಕೈಗೆ ಕೆಲಸವಿರುವಾಗ ನಗುವಿಗೆ ಜಾಗವೂ ಕಡಿಮೆ. ಹಾಗೆಂದು ಅಲ್ಲಿ ಕೇಳುವ ನಗುವೆಲ್ಲ ತಪ್ಪೆಂದೂ ಭಾವಿಸಬಾರದು. ಡಾಕರ್ ಕೆಲ್ಟ್‌ನರ್ ಮತ್ತು ಜಾರ್ಜ್ ಬೊನಾನೊ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಳಸಂಗಾತಿ ತೀರಿಕೊಂಡು ಸುಮಾರು ಆರು ತಿಂಗಳಾದವರು ಅಗಲಿದವರ ಬಗ್ಗೆ ಮಾತನಾಡುವಾಗ, ಮನಸಾರೆ ನಕ್ಕವರಲ್ಲಿ ಸಂಕಟ ಕಡಿಮೆ ಇತ್ತು. ಹೋದವರ ಹಳೆಯ ತುಂಟತನ ನೆನೆದು ಮನೆಯವರೇ ನಗುವಾಗ ಜೊತೆಗೆ ನಗುವುದು ಪ್ರೀತಿಯೇ.

ಇಷ್ಟೆಲ್ಲ ಮಾಡಿಯೂ ನಗು ಹೊರಬಿದ್ದರೆ ಏನು ಮಾಡಬೇಕು? ಹೆಚ್ಚಿನವರು ಇಲ್ಲಿಯೇ ಎಡವುತ್ತಾರೆ. ಏನೂ ಆಗಲಿಲ್ಲವೆಂಬಂತೆ ಮುಖ ತಿರುಗಿಸುತ್ತಾರೆ, ಇಲ್ಲವೇ ಉದ್ದುದ್ದ ಸಮಜಾಯಿಷಿ ಕೊಡುತ್ತಾರೆ. ಎರಡೂ ಗಾಯವನ್ನು ಹಾಗೆಯೇ ಉಳಿಸುತ್ತವೆ. ಒಂದು ವಾಕ್ಯ ಸಾಕು, ಅದು ನಿಧಾನವಾಗಿ, ಎದುರಿನವರ ಮುಖ ನೋಡಿ ಬರಬೇಕು: ‘ಕ್ಷಮಿಸಿ, ಗಾಬರಿಯಾದಾಗ ನನಗೆ ಹೀಗೆ ನಗು ಬಂದುಬಿಡುತ್ತದೆ, ಇದು ನಗುವ ವಿಷಯವಲ್ಲವೆಂದು ನನಗೆ ಗೊತ್ತಿದೆ.’ ಆಮೇಲೆ ಮತ್ತೆ ಅವರ ಮಾತಿಗೆ ಕಿವಿಗೊಡಬೇಕು. ಮುಜುಗರವನ್ನು ಮುಚ್ಚಿಡದಿದ್ದರೆ ಜನ ನಮ್ಮನ್ನು ಹೆಚ್ಚು ಒರಟಾಗಿ ಕಾಣುತ್ತಾರೆಂಬ ನಂಬಿಕೆ ತಪ್ಪು. 1982ರಲ್ಲಿ ಸೆಮಿನ್ ಮತ್ತು ಮ್ಯಾನ್‌ಸ್ಟೆಡ್ ನಡೆಸಿದ ಅಧ್ಯಯನದಲ್ಲಿ, ಅಂಗಡಿಯಲ್ಲಿ ಜೋಡಿಸಿಟ್ಟ ಸಾಮಾನಿನ ರಾಶಿಯನ್ನು ಬೀಳಿಸಿದವನು ಮುಜುಗರಪಟ್ಟದ್ದು ಕಂಡಾಗ, ನಿರಾತಂಕನಾಗಿ ನಿಂತದ್ದಕ್ಕಿಂತ ನೋಡಿದವರಿಗೆ ಅವನ ಮೇಲೆ ಒಳ್ಳೆಯ ಅಭಿಪ್ರಾಯ ಮೂಡಿತ್ತು. ನಾನು ಹದಿಮೂರನೆಯ ದಿನ ಊರಿಗೆ ಹೋದಾಗ ದೊಡ್ಡಮ್ಮನ ಬಳಿ ಕೂತು ಆ ಮಾತು ಹೇಳಿದೆ. ಅವರು ಸ್ವಲ್ಪ ಹೊತ್ತು ನನ್ನನ್ನು ನೋಡಿ, ‘ಊಟ ಆಯ್ತಾ?’ ಎಂದು ಕೇಳಿದರು. ನನಗೆ ಅದು ಸಾಕಾಯಿತು.

ಈವರೆಗೆ ಹೇಳಿದ್ದು ನಗುವವರಿಗೆ. ನೋಡುವವರ ಹೊಣೆ ಅದಕ್ಕಿಂತ ದೊಡ್ಡದೆಂದು ನಾನು ನಂಬುತ್ತೇನೆ, ಏಕೆಂದರೆ ಪೆಚ್ಚುನಗೆ ಸಾಮಾನ್ಯವಾಗಿ ಕೆಳಗಿರುವವರ ಮುಖದಲ್ಲಿ ಬರುತ್ತದೆ, ಅದರ ಅರ್ಥವನ್ನು ತೀರ್ಮಾನಿಸುವವರು ಮೇಲಿರುತ್ತಾರೆ. ತರಗತಿಯಲ್ಲಿ ಬೈಸಿಕೊಳ್ಳುತ್ತಿರುವ ಹುಡುಗನ ತುಟಿ ಅರಳಿದರೆ ‘ನಗ್ತೀಯಾ? ನಾಚಿಕೆ ಆಗಲ್ವಾ?’ ಎಂದು ಎರಡನೆಯ ಏಟು ಬೀಳುತ್ತದೆ. ನಾಚಿಕೆ ಆಗಿರುವುದರಿಂದಲೇ ಅವನು ನಗುತ್ತಿರುತ್ತಾನೆ. ಬೈಗುಳ ಹೆಚ್ಚಿದಂತೆ ಅವನ ಭಯವೂ, ಭಯದೊಂದಿಗೆ ನಗುವೂ ಹೆಚ್ಚುತ್ತವೆ. ಅಲ್ಲಿ ಮಾತು ನಿಲ್ಲಿಸಿ, ಅವನನ್ನು ಗುಂಪಿನಿಂದ ಬೇರೆ ಕರೆದು, ಧ್ವನಿ ತಗ್ಗಿಸಿ ಕೇಳಿದರೆ ಆ ನಗು ಅಳುವಾಗಿ ತಿರುಗುವುದನ್ನು ಅನೇಕ ಶಿಕ್ಷಕರು ಕಂಡಿದ್ದಾರೆ. ನ್ಯಾಯಾಲಯದಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಸಾಕ್ಷಿಯ ಹಾವಭಾವದ ಬಗ್ಗೆ ಮುಖ್ಯವೆನಿಸಿದ್ದನ್ನು ದಾಖಲಿಸಲು 1973ರ ದಂಡ ಪ್ರಕ್ರಿಯಾ ಸಂಹಿತೆಯ 280ನೇ ಕಲಮು ನ್ಯಾಯಾಧೀಶರಿಗೆ ಅವಕಾಶ ಕೊಟ್ಟಿತ್ತು. ಮೊದಲ ಬಾರಿಗೆ ಕಟಕಟೆ ಹತ್ತಿದ ಹಳ್ಳಿಯ ಸಾಕ್ಷಿಯೊಬ್ಬ ಪಾಟೀಸವಾಲಿನ ನಡುವೆ ಹಲ್ಲು ಬಿಟ್ಟರೆ ಅದು ಉಡಾಫೆಯೋ ಅಂಜಿಕೆಯೋ ಎಂಬುದನ್ನು ಅಳೆಯುವವರಿಗೆ ಈ ವಿಷಯ ತಿಳಿದಿರಬೇಕು.

ಎಲ್ಲಕ್ಕಿಂತ ಹೆಚ್ಚು ಅನ್ಯಾಯಕ್ಕೆ ಗುರಿಯಾಗಿರುವುದು ಹೆಣ್ಣುಮಕ್ಕಳ ಪೆಚ್ಚುನಗೆ. ಅಮೆರಿಕದ ಜೂಲಿ ವುಡ್‌ಜಿಕಾ ಮತ್ತು ಮೇರಿಯಾನ್ ಲಾಫ್ರಾನ್ಸ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಸದ ಸಂದರ್ಶನದಲ್ಲಿ ಅಸಭ್ಯ ಪ್ರಶ್ನೆ ಕೇಳಿದರೆ ಏನು ಮಾಡುತ್ತೀರೆಂದು ಊಹಿಸಿ ಹೇಳಲು ಕೇಳಿದಾಗ, ಸಿಟ್ಟು ಬರುತ್ತದೆಂದು ಕೆಲವು ಹೆಂಗಸರು ಹೇಳಿದರು, ಉತ್ತರಿಸಲು ನಿರಾಕರಿಸುತ್ತೇವೆ ಎಂದವರಂತೂ ಬಹಳ. ಆದರೆ ನಿಜವಾದ ಸಂದರ್ಶನವೆಂದು ನಂಬಿ ಕೂತು ಅದೇ ಪ್ರಶ್ನೆಗಳನ್ನು ಎದುರಿಸಿದವರಲ್ಲಿ ಒಬ್ಬರೂ ಉತ್ತರಿಸಲು ನಿರಾಕರಿಸಲಿಲ್ಲ. ಅವರಲ್ಲಿ ಸಿಟ್ಟಿಗಿಂತ ಭಯವೇ ಹೆಚ್ಚಾಗಿತ್ತು. ಇದೇ ಸಂಶೋಧಕಿಯರು ಅಂಥ ಸಂದರ್ಶನಗಳಲ್ಲಿ ಕಂಡ ಮುಗುಳುನಗೆ ಕಣ್ಣಿನವರೆಗೆ ತಲುಪದ, ತುಟಿಯ ಮೇಲಷ್ಟೇ ಇರುವ ನಗು. ‘ಅವಳೂ ನಗುತ್ತಿದ್ದಳಲ್ಲ’ ಎಂಬ ಮಾತನ್ನು ನಾವು ಕಚೇರಿಗಳಲ್ಲಿಯೂ ಕುಟುಂಬಗಳಲ್ಲಿಯೂ ಎಷ್ಟು ಬಾರಿ ಕೇಳಿಲ್ಲ! ಕೆಲಸದ ಜಾಗದಲ್ಲಿ ಮಹಿಳೆಯರ ಮೇಲೆ ನಡೆಯುವ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆ ಕೇಳುವುದು ಆ ವರ್ತನೆ ಅವಳಿಗೆ ಬೇಡವಾಗಿತ್ತೇ ಎಂದು. ಅವಳು ಗಟ್ಟಿಯಾಗಿ ಪ್ರತಿಭಟಿಸಿದಳೇ ಎಂದಲ್ಲ. ದೂರು ಕೇಳಲು ಕೂತ ಸಮಿತಿಯ ಸದಸ್ಯರು ಅವಳ ನಗುವನ್ನು ಒಪ್ಪಿಗೆಯ ಸಾಕ್ಷ್ಯವಾಗಿ ಎತ್ತಿಕೊಳ್ಳುವ ಮೊದಲು, ಆ ಹೊತ್ತಿನಲ್ಲಿ ಕೋಣೆಯ ಬಾಗಿಲು ಯಾರ ಬದಿಗಿತ್ತು, ಅವಳ ಬಡ್ತಿಯ ಕಾಗದಕ್ಕೆ ಸಹಿ ಹಾಕಬೇಕಿದ್ದವರು ಯಾರು, ಆ ಮಾತಿನ ನಂತರ ಅವಳು ಎಷ್ಟು ಬೇಗ ಅಲ್ಲಿಂದ ಎದ್ದು ಹೊರಟಳು ಎಂದು ಕೇಳಬೇಕು.